ಎಡಗೆನ್ನೆಯ ಮಚ್ಚೆ

“ಹಾಗಾದ್ರೆ ನಾನ್ಯಾರು?”

ಅಮ್ಮ ಯಾರಿಗೆಂದಿಲ್ಲದೆ ಕೇಳಿದಳು. ವಾಚನಮಂದಿರದ ಬಾಗಿಲು ಮೂರನೆಯ ಸಲವೂ ‘ಚಿತ್ರದಲ್ಲಿರುವವರು ನೀವಲ್ಲ’ ಎಂದಿತು, ತೆರೆಯಲಿಲ್ಲ. ಒಳಗೆ ಕಾವ್ಯವಾಚನ ಶುರುವಾಗಿತ್ತು.

ಈಗಿನ ಬೀಗಗಳು ಮುದ್ರೆ ಬಿದ್ದ ಚಿತ್ರವನ್ನಷ್ಟೇ ನಂಬುತ್ತವೆ. ಒಬ್ಬರಿಗೆ ಒಂದೇ ಚಿತ್ರ, ಅದು ಅವರ ಗುರುತಿನ ಚೀಟಿಯಲ್ಲಿ. ಚಿಪ್‌ನೊಳಗೆ ಮುದ್ರೆ ಬಿದ್ದ ಮೇಲೆ ಅದನ್ನು ಮಾಡಿದವರೂ ತಿದ್ದಲಾರರು. ಈ ವಾರ ಇಲ್ಲಿಗೂ ಅಂಥ ಬೀಗ ಬಂದಿತ್ತು.

“ನಿನ್ನ ಸ್ಕ್ಯಾನರ್ ಕೆಟ್ಟಿತ್ತೇನೋ ಶೇಷು? ನನ್ನ ಫೋಟೊ ಹಾಕಿದ್ದು ನೀನೇ ಅಲ್ವಾ?”

ಕೆಟ್ಟಿರಲಿಲ್ಲ. ಅವಳ ಹಳೆಯ ಫೋಟೊ ತಿದ್ದುವಾಗ ಯಂತ್ರ ಎಡಗೆನ್ನೆಯ ಮೇಲೆ ನಿಂತು ನನ್ನನ್ನು ಕೇಳಿತ್ತು: ಈ ಕಪ್ಪು ಚುಕ್ಕೆ ಕಾಗದದ್ದೋ, ಮುಖದ್ದೋ? ಮರುದಿನ ನನಗೆ ನೋಡಿದ್ದ ಹೆಣ್ಣಿನ ಕಡೆಯವರು ನಮ್ಮ ಮನೆಯವರ ಚಿತ್ರ ನೋಡುವವರಿದ್ದರು. ಕಾಗದದ್ದು ಎಂದು ಒತ್ತಿದ್ದೆ. ಆಮೇಲೆ ಮುದ್ರೆಗೆ ಕಳಿಸಿದ್ದೂ ಅದೇ ಚಿತ್ರ.

“ಅಮ್ಮ, ಮಚ್ಚೆ ಒರೆಸಿದ್ದು ಯಂತ್ರ ಅಲ್ಲ, ನಾನು.” ತಲೆಯೆತ್ತಲು ನನ್ನಿಂದಾಗಲಿಲ್ಲ.

ಅವಳು ಕೆನ್ನೆ ಮುಟ್ಟಿಕೊಂಡಳು. “ಅದಕ್ಕೇ ಬೀಗರು ಮೊದಲ ಸಲ ಹಾಗೆ ನೋಡಿದ್ದು! ಕೆನ್ನೆಗೆ ಅನ್ನ ಅಂಟಿದೆ ಅಂದ್ಕೊಂಡು ಎರಡು ಸಲ ಒರೆಸ್ಕೊಂಡಿದ್ದೆ.”

ನಗಲೆಂದೇ ಹೇಳಿದಳೇನೋ. ನನಗೆ ನೆಲ ನೋಡುವುದೂ ಕಷ್ಟವಾಯಿತು.

“ಚಿತ್ರ ಬದಲಾಗಲ್ಲ, ಮುಖ ಬದಲಾಯಿಸ್ಕೊಳ್ಳಿ ಅಂತಾರೆ ಮುದ್ರೆ ಕಚೇರಿಯವರು. ಮಚ್ಚೆ ತೆಗೆಯೋದು ಆಸ್ಪತ್ರೇಲಿ ಅರ್ಧ ಗಂಟೆ ಕೆಲಸವಂತೆ, ನೋವಾಗಲ್ವಂತೆ. ನಾಳೆ ಹೋಗೋಣ್ವಾ ಅಮ್ಮ?”

ಅಮ್ಮ ಮೆಟ್ಟಿಲ ಮೇಲೆ ಕೂತು, ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟಳು.

“ಪದ್ಯ ಇಲ್ಲಿಗೂ ಕೇಳ್ಸತ್ತೆ. ಆಸ್ಪತ್ರೆಗೆ ಮಾತ್ರ ನಾನು ಬರಲ್ಲ ಕಣೋ.”