ಕುಡಿಕೆಗೆ ಇವತ್ತಿನ ತಾರೀಖು

ಎರಡು ಸಾವಿರ ವರ್ಷ ಹಳೆಯ ಮಣ್ಣಿನ ಕುಡಿಕೆಗೆ ಅಂಟಿಸಬೇಕಿದ್ದ ಚೀಟಿಯ ಮೇಲೆ ಇವತ್ತಿನ ತಾರೀಖು ಅಚ್ಚಾಗಿ ಬಂತು. ತಾರೀಖಷ್ಟೇ ಅಲ್ಲ, ಗಂಟೆ, ನಿಮಿಷ, ಸೆಕೆಂಡು ಸಮೇತ.

ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಚೀಟಿಯಮ್ಮ ಎಂದೇ ಕರೆಯುತ್ತಿದ್ದ ಆಕೆ ಕನ್ನಡಕ ಏರಿಸಿ ನೋಡಿದಳು. ಕಂಪ್ಯೂಟರಿನ ಹೆಸರಿನ ಜಾಗದಲ್ಲಿ ತಾನು ಬರೆದದ್ದು ಚೆನ್ನಾಗಿ ನೆನಪಿತ್ತು: ವಸ್ತುವಿನ ಹೆಸರು, ಒಂದು ಸೆಮಿಕೋಲನ್, ಆಮೇಲೆ ಇಂಗ್ಲಿಷಿನಲ್ಲಿ 'ಡೇಟ್' ಎಂಬ ಒಂದೇ ಪದ. ಯಾವ ಕಾಲದ್ದೆಂದು ತುಂಬುವ ಮೊದಲೇ ಕೈತಪ್ಪಿ ಗುಂಡಿ ಒತ್ತಿಬಿಟ್ಟಿದ್ದಳು. ಆದರೆ ಚೀಟಿಯಲ್ಲಿ ಆ ಪದವೇ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹರಿದು ಬಿಸಾಕುತ್ತಿದ್ದರು. ಇವಳ ತಲೆಗೆ ಹುಳ ಹೊಕ್ಕಿತು. ಮತ್ತೆ ಅದನ್ನೇ ಬರೆದು ಒತ್ತಿದಳು. ಹೊಸ ಚೀಟಿಯಲ್ಲಿ ಸಮಯ ಎರಡು ನಿಮಿಷ ಮುಂದೆ ಹೋಗಿತ್ತು.

ಊಟದ ಹೊತ್ತಿಗೆ ನಾದಿನಿಯನ್ನು ಕರೆಸಿಕೊಂಡಳು. ಅಲ್ಲಿನ ಕಂಪ್ಯೂಟರುಗಳ ಯೋಗಕ್ಷೇಮವೆಲ್ಲ ಅವಳದೇ.

"ಅತ್ತಿಗೆ, ಈ ಚೀಟಿ ಅಚ್ಚುಹಾಕೋ ಸಾಫ್ಟ್‌ವೇರು ಹೆಸರನ್ನ ಹೆಸರು ಅಂತ ಓದ್ತಾನೇ ಇಲ್ಲ. ಸೆಮಿಕೋಲನ್ ಕಂಡ್ರೆ ಸಾಕು, ಮುಂದಿಂದು ತನಗೆ ಕೊಟ್ಟ ಅಪ್ಪಣೆ ಅಂದ್ಕೊಳ್ಳತ್ತೆ. ನೀವು 'ಡೇಟ್' ಅಂದ್ರಿ, ತಾರೀಖು ಹೇಳ್ತು."

"ಬೇರೇನಾದ್ರೂ ಅಂದಿದ್ರೆ?"

"ಅದನ್ನೂ ಮಾಡ್ತಿತ್ತು."

"ಎಲ್ಲಾ ಅಳಿಸಿಬಿಡು ಅಂದ್ರೆ?"

ನಾದಿನಿ ಥಟ್ಟನೆ ಅವಳ ಕೈಯನ್ನು ಕೀಬೋರ್ಡಿನಿಂದ ಎತ್ತಿದಳು. "ಅಷ್ಟೊಂದು ಕುತೂಹಲ ಬೇಡ!"

ಇಬ್ಬರೂ ನಕ್ಕರು. ನಗು ಬೇಗ ಆರಿತು. ಆಸ್ಪತ್ರೆಗಳಲ್ಲಿ ರಕ್ತದ ಶೀಷೆಗಳಿಗೆ ಹೆಸರಿನ ಚೀಟಿ ಅಚ್ಚುಹಾಕುವುದೂ ಇದೇ ಸಾಫ್ಟ್‌ವೇರ್ ಎಂದಳು ನಾದಿನಿ. ರೋಗಿಗಳು ಮನೆಯಿಂದಲೇ ತಮ್ಮ ಹೆಸರು ತುಂಬಬಹುದಂತೆ; ಹೆಸರಿನ ಜೊತೆ ಯಾರಾದರೂ ಅಪ್ಪಣೆ ಸೇರಿಸಿದರೂ ತಡೆಯುವವರಿಲ್ಲ.

ಸಾಫ್ಟ್‌ವೇರ್ ಮಾಡಿದವರಿಗೆ ಫೋನ್ ಹಚ್ಚಿದರೆ, ಎತ್ತಿದವನು, "ಮೇಡಂ, ಹೆಸರಿನ ಜಾಗದಲ್ಲಿ ಹೆಸರು ಮಾತ್ರ ಬರೀರಿ," ಎಂದು ಸಾಗಹಾಕಲು ನೋಡಿದ.

ಚೀಟಿಯಮ್ಮ ಪಟ್ಟು ಬಿಡಲಿಲ್ಲ. "ನಿಮ್ಮ ಕಂಪ್ಯೂಟರಲ್ಲೇ ಒಂದ್ಸಲ ಬರೆದು ನೋಡಪ್ಪ. ನಾನು ಕಾಯ್ತೀನಿ."

ಟಕಟಕ ಕೀಲಿಗಳ ಸದ್ದು. ಆಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದು.

ಸಂಜೆ ಅಲ್ಲಿಯ ಹಿರಿಯ ಎಂಜಿನಿಯರೇ ಫೋನ್ ಮಾಡಿದ. ರಿಪೇರಿ ಶುರುವಾಗಿದೆ, ನಾಳೆಯೇ ಎಲ್ಲರಿಗೂ ಕಳಿಸುತ್ತೇವೆ ಎಂದ. ದನಿ ತೀರಾ ಮೆತ್ತಗಾಗಿತ್ತು. "ಆರು ವರ್ಷದಿಂದ ಇತ್ತಮ್ಮಾ ಈ ತೂತು. ನಮಗೆ ಹೇಳಿದವರಲ್ಲಿ ನೀವೇ ಮೊದಲು."

"ಹೇಳಿದವರಲ್ಲಿ ನಾನೇ ಮೊದಲು, ಸರಿ," ಎಂದಳು ಚೀಟಿಯಮ್ಮ. "ಕಂಡವರಲ್ಲಿ?"

"ಆರು ವರ್ಷದ ಹೆಸರುಗಳಲ್ಲೆಲ್ಲ ಸೆಮಿಕೋಲನ್ ಹುಡುಕ್ತಾ ಇದ್ದೀನಮ್ಮಾ," ಎಂದ ಎಂಜಿನಿಯರು.