ಫಕ್ಕೀರಪ್ಪನ ವಿಚಾರಣೆ

ಈ ವಾಟ್ಸಾಪ್ ಗುಂಪಿನಲ್ಲಿ ಫ್ಯಾಕ್ಟರಿ, ಅಂಗಡಿ, ಆಫೀಸು ನಡೆಸುವವರು ಬಹಳ ಜನ ಇದ್ದೀರಿ... ಹೂವಿನ ಫೋಟೋ ಆಮೇಲೆ ಕಳಿಸಿ, ಮೊದಲು ಇದನ್ನು ಓದಿ.

ಹೋದ ವರ್ಷ ಹುಬ್ಬಳ್ಳಿಯಲ್ಲಿ ನಮ್ಮಂಥ ಕಾರ್ಖಾನೆ ಮಾಲೀಕರಿಗೆ ಒಂದು ಟ್ರೇನಿಂಗ್ ಇತ್ತು. ಕಾರ್ಮಿಕ ಕಾನೂನು ಏನು ಹೇಳುತ್ತದೆ, ಕೋರ್ಟು ಕಚೇರಿ ಅಲೆಯದಂತೆ ಇರುವುದು ಹೇಗೆ ಅಂತ.

ನಾನು ಹೋದದ್ದು ಊಟಕ್ಕೆ... ಸುಳ್ಳು ಯಾಕೆ ಹೇಳಲಿ!

ಹೇಳಿಕೊಡಲು ಬಂದವರು ಕಟಗೇರಿ ಮೇಡಂ, ವಕೀಲರು. ಬಂದವರೇ ಕೇಳಿದರು, "ನಿಮ್ಮಲ್ಲಿ ಒಬ್ಬರನ್ನ ಕೆಲಸದಿಂದ ಹೆಂಗ ತಗೀತೀರಿ?"

ಹಿಂದಿನಿಂದ ಯಾರೋ ಕೂಗಿದರು, "ಹೆಂಗೇನ್ರೀ ಮೇಡಂ... 'ನಾಳಿಂದ ಬರಬ್ಯಾಡ' ಅಂತೀವಿ. ಮರುದಿನ ಮುಂಜಾನೆ ಅವ್ರೇ ಬಂದು ಮಷಿನ್ ಚಾಲೂ ಮಾಡಿರ್ತಾರ!"

ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ.

ನಮ್ಮ ಕಡೆ ನಡೆಯುವುದೇ ಹೀಗೆ. ಸಾವಕಾರ ಸಿಟ್ಟಿನಲ್ಲಿ ಗೇಟಿನಾಚೆ ಕಳಿಸುತ್ತಾನೆ. ಕೆಲಸಗಾರ ಮರುದಿನ ಏನೂ ಆಗದವನಂತೆ ಬರುತ್ತಾನೆ. ಅದು ಬರೀ ಬಾಯಿಮಾತು ಅಂತ ಇಬ್ಬರಿಗೂ ಗೊತ್ತು.

ನಗದೇ ಕೂತವರು ಒಬ್ಬರೇ... ನನ್ನ ಪಕ್ಕದಲ್ಲಿದ್ದ ಯಲಿಗಾರ ಸಾವಕಾರರು. ಪಂಪಿನ ಬಿಡಿಭಾಗ ಮಾಡುವ ದೊಡ್ಡ ಕಾರ್ಖಾನೆ ಅವರದು. ಅವರ ಮೇಲೆ ಒಂದು ಕೇಸು ನಡೆಯುತ್ತಿತ್ತು.

ಚಹಾ ಕುಡಿಯುವಾಗ ನನಗೆ ಹೇಳಿದ್ದರು, "ಕೆಲಸಗಾರ ತಾನಾಗೇ ಬಿಟ್ಟು ಹೋದ ಅಂತ ಹೇಳ್ರಿ, ಅಂದಾರ ನಮ್ಮ ವಕೀಲ್ರು. ಅದು ಕೋರ್ಟಿನ್ಯಾಗ ನಿಲ್ತತೋ ಇಲ್ಲೋ... ಕೇಳಾಕ ಬಂದೇನಿ."

ಮಧ್ಯಾಹ್ನ ಮೇಡಂ ಅಂದರು, "ಯಾರನ್ನರ ತಗಿಯೂ ಮೊದಲ ತಪ್ಪು ಏನಂತ ಬರದು ಕೊಡಬೇಕು. ಎದುರಿಗೆ ಕೂಡಿಸಿ ಅವರ ಮಾತು ಕೇಳಬೇಕು. ಬರ್ರಿ, ಒಂದು ವಿಚಾರಣೆ ಮಾಡಿ ನೋಡೋಣು."

ಕೆಲಸಗಾರನ ಪಾತ್ರಕ್ಕೆ ನನ್ನನ್ನೇ ಎಳೆದರು. ಮಾಲೀಕನಾಗಿ ಯಲಿಗಾರರು.

"ತಪ್ಪು ಏನಿಡೋಣು?" ಅಂದರು ಮೇಡಂ.

ಯಲಿಗಾರರು ಮೆಲ್ಲಗೆ ಅಂದರು, "ಮಷಿನ್ ಬಾಜೂಕ ಮಲಗಿದ್ದ..."

ನನಗೋ ಅಷ್ಟೇ ಸಾಕು! ಟೇಬಲ್ ಮೇಲೆ ತಲೆ ಇಟ್ಟು ಗೊರಕೆ ಹೊಡೆದೆ. ಹಾಲ್ ತುಂಬ ನಗು.

"ಯಾಕ ಮಲಗಿದ್ದಿ?" ಯಲಿಗಾರರು ಕೇಳಿದರು.

"ಮದುವಿ ಊಟ ಜೋರಾತ್ರೀ ಸಾವಕಾರ್ರ!" ಅಂದೆ. ಮತ್ತೆ ನಗು.

"ಖರೇ ಹೇಳು... ಯಾಕ ಮಲಗಿದ್ದಿ?"

ಇನ್ನೊಂದು ತಮಾಷೆ ನಾಲಿಗೆ ತುದಿಯಲ್ಲಿತ್ತು. ಆದರೆ ಅವರ ಮುಖ ನೋಡಿದೆ... ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ನನ್ನ ಹೆಗಲಾಚೆ ಯಾರನ್ನೋ ನೋಡುತ್ತಿದ್ದರು.

"ಹೇಳೋ ಫಕ್ಕೀರಪ್ಪ... ನಾ ಕೇಳಾಕತ್ತೇನಲ್ಲೋ... ಈಗರ ಹೇಳೋ..."

ನನ್ನ ಹೆಸರು ಫಕ್ಕೀರಪ್ಪ ಅಲ್ಲ.

ತಿರುಗಿ ನೋಡಿದೆ. ಹಿಂದೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಮೈ ಜುಮ್ಮೆಂದಿತು ನೋಡಿ... ಇವತ್ತಿಗೂ ನೆನೆಸಿಕೊಂಡರೆ ಹಾಗೇ ಆಗುತ್ತದೆ.

ಮೇಡಂ ಓಡಿ ಬಂದು ನೀರು ಕೊಟ್ಟರು. ಯಲಿಗಾರರು ಗ್ಲಾಸು ಹಿಡಿದುಕೊಂಡೇ ಹೇಳಿದರು,

"ಫಕ್ಕೀರಪ್ಪ ನಮ್ಮ ಹಳೇ ಆಳು. ಲೇಥ್ ಮಷಿನ್ ಬಾಜೂಕ ಮಲಗಿದ್ದು ಕಂಡೆ. ಎಲ್ಲಾರ ಮುಂದ ಬೈದು 'ನಾಳಿಂದ ಬರಬ್ಯಾಡ' ಅಂದ್ಬಿಟ್ಟೆ. ಮರುದಿನ ಅವನ ಮಷಿನ್ ಚಾಲೂ ಆಗಿರ್ಲಿಲ್ಲ. ಸಿಟ್ಟಾಗ್ಯಾನ, ಬರ್ತಾನ ಬಿಡು ಅಂದ್ಕೊಂಡೆ... ಮಧ್ಯಾಹ್ನ ಸುದ್ದಿ ಬಂತು. ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟಾನ ಅಂತ. ಪರಿಹಾರಕ್ಕ ನನ್ನ ಮ್ಯಾಲೆ ಕೇಸ್ ನಡದೈತಿ."

ಯಲಿಗಾರರು ನೀರು ಕುಡಿಯದೇ ಗ್ಲಾಸು ಕೆಳಗಿಟ್ಟರು.

"ಈಗ ದಿನಾ ಅಲ್ಲಿ ಹೋದ್ರ ಅಂವಾ ಮಲಗಿದ್ದು ಕಾಣ್ತತಿ. 'ಯಾಕ ಮಲಗೀದಿ' ಅಂತ ಬಾಯಿ ಬಿಟ್ಟು ಕೇಳ್ತೇನಿ. ನನಗ ತಲಿ ಕೆಟ್ಟತಿ ಅಂತಾರ ಮಂದಿ..."

ಮೇಡಂ ಕೇಳಿದರು, "ಕೇಸ್ ಹಾಕಿದವ್ರು ಯಾರು?"

"ಅವನ ಹೆಂಡ್ತಿ... ನೀಲವ್ವ."

"ಹಂಗಾದ್ರ ಈ ಪ್ರಶ್ನಿ ಆಕೀನ ಕೇಳ್ರಿ."

ಆ ಸ್ಥಿತಿಯಲ್ಲಿ ಅವರು ಗಾಡಿ ಓಡಿಸುವುದು ಬೇಡವೆಂದು ನಾನೇ ನೀಲವ್ವನ ಮನೆಗೆ ಕರೆದುಕೊಂಡು ಹೋದೆ.

ನೀಲವ್ವ ಬಾಗಿಲಲ್ಲೇ ನಿಂತಳು. ಒಳಗೆ ಬನ್ನಿ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಯಲಿಗಾರರು ಕೈ ಮುಗಿದರು. "ಕೋರ್ಟಿನ್ಯಾಗ ಖರೇನ ಹೇಳ್ತೇನಿ ನೀಲವ್ವ. ಅವನ್ನ ಹೊರಗ ಹಾಕಿದ್ದು ನಾನ. ಆದ್ರ ಒಂದ್ ಮಾತು ಹೇಳವ್ವ... ಅಂವಾ ಅವತ್ತು ಯಾಕ ಮಲಗಿದ್ದ?"

ಅವಳು ಅವರನ್ನೇ ನೋಡಿದಳು. ಧ್ವನಿ ಏರಿಸಲೇ ಇಲ್ಲ.

"ಮಲಗಿರಲಿಲ್ರೀ... ಮುಂಜಾನಿಂದ ಎದಿ ಹಿಡದಿತ್ತು. ರಜಾ ಹಾಕ್ರಿ ಅಂದೆ. ಅರ್ಜೆಂಟ್ ಆರ್ಡರ್ ಐತಿ, ಸಾವಕಾರ್ರಿಗೆ ತ್ರಾಸ ಆಕ್ಕತಿ ಅಂತ ಬಂದ್ರು. ಕಣ್ಣಿಗೆ ಕತ್ತಲಿ ಬಂದು ಅಲ್ಲೇ ಬಿದ್ರು. ನೀವು ಮಲಗ್ಯಾನ ಅಂದ್ರಿ..."

ಯಲಿಗಾರರು ಗೋಡೆ ಹಿಡಿದುಕೊಂಡರು.

"ಮನೀಗೆ ಬಂದಾಗ ದವಾಖಾನಿಗೆ ಹೋಗೋಣು ಅಂದೆ. 'ಮೊದಲ ಕೆಲಸ ಉಳೀತೋ ಇಲ್ಲೋ ಗೊತ್ತಾಗಲಿ, ನಾಳೆ ನೋಡೋಣು' ಅಂದ್ರು. 'ಅಲ್ರೀ, ಎದಿ ಹಿಡದಿತ್ತು ಅಂತ ಅಲ್ಲೇ ಹೇಳಬಾರದಾ?' ಅಂತ ನಾನೂ ಸಿಟ್ಟು ಮಾಡಿದೆ..."

ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಂದಳು,

"'ಕೇಳಿದ್ರ ಹೇಳ್ತಿದ್ದೆ ನೀಲಾ... ಅವ್ರು ಕೇಳಲೇ ಇಲ್ಲಲ್ಲ' ಅಂದ್ರು."

ಯಲಿಗಾರರು ಅಲ್ಲೇ ಹೊಸ್ತಿಲ ಮುಂದೆ ಕುಸಿದು ಕೂತರು. ಅಷ್ಟು ದೊಡ್ಡ ಮನುಷ್ಯ ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ನಾನು ಎಂದೂ ಕಂಡಿರಲಿಲ್ಲ.

*ಶಿಕ್ಷೆ ಕೊಡುವ ಮುಂಚೆ ಕೇಳಿ... ಆಮೇಲೆ ಕೇಳಿದರೆ ಉತ್ತರ ಹೇಳಲು ಆ ಮನುಷ್ಯ ಇರಲಿಕ್ಕಿಲ್ಲ.*

ನಿನ್ನೆ ನೀವು ಯಾರ ಮೇಲೆ ಕೂಗಾಡಿದಿರಿ?... ಅವರು ಇವತ್ತು ಕೆಲಸಕ್ಕೆ ಬಂದಿದ್ದಾರಾ?