ಎಕ್ಸ್‌ಟ್ರಾ ಎಲೆ

ವೀಳ್ಯದೆಲೆಯ ಹಸಿ ವಾಸನೆ ಬಂದರೆ ಈಗಲೂ, ಸವಣೂರು ಇನ್ನೂ ನವಾಬರದಾಗಿದ್ದ ಕಾಲದ ಆ ಸಂತೆಯ ಮಧ್ಯಾಹ್ನ ನೆನಪಾಗುತ್ತದೆ.

ಎಲೆ ಮಾರುವ ಮುದುಕ ಕಟ್ಟಿನ ಮೇಲೆ ಎರಡು ಎಳೆಯ ಎಲೆ ಕೊಸರು ಇಡುತ್ತಿದ್ದ. ಇಂಗ್ಲಿಷ್ ಸಾಲಿಗೆ ಹೋಗುತ್ತಿದ್ದ ಅಣ್ಣ ಅದಕ್ಕೆ ‘ಎಕ್ಸ್‌ಟ್ರಾ’ ಅನ್ನಲು ಕಲಿಸಿದ್ದ. ಮುದುಕನ ಬಾಯಲ್ಲೂ ಅದೇ ನಿಂತಿತ್ತು. ಆ ಎಲೆಗಳು ಯಾವಾಗಲೂ ಅಕ್ಕನ ಪಾಲು. ಅಡಿಕೆ, ಸುಣ್ಣದ ಜೊತೆ ಎಲೆ ಜಗಿದು ಕೆಂಪಾದ ನಾಲಿಗೆಯನ್ನು ನನಗೆ ಚಾಚಿ ತೋರಿಸುತ್ತಿದ್ದಳು.

ಅಕ್ಕನ ಗಂಡ ತೀರಿಕೊಂಡು ಅವಳು ನಮ್ಮ ಮನೆಗೇ ಮರಳಿದ ಮೇಲೆ ಅದೇ ಮೊದಲ ಸಂತೆ.

“ನಿಮ್ಮ ಮಗಳ ಎಕ್ಸ್‌ಟ್ರಾ, ತಗೋರಿ ಅವ್ವಾರ,” ಎಂದ ಮುದುಕ.

ಅವ್ವ ಆ ಎಲೆಗಳನ್ನು ಸೆರಗಿನಿಂದ ಮೆಲ್ಲಗೆ ಒರೆಸಿ, ತಿರುಗಿ ಅವನ ಬುಟ್ಟಿಯಲ್ಲಿಟ್ಟಳು.

“ಇನ್ಮ್ಯಾಲೆ ಎಕ್ಸ್‌ಟ್ರಾ ಬ್ಯಾಡ್ರಿ, ಕಾಕಾ.”

ಮನೆಯ ಹೊಸ್ತಿಲಲ್ಲಿ ಅಕ್ಕ ರೂಢಿಯಂತೆ ಕೈ ಚಾಚಿದಳು. ಮರುಕ್ಷಣವೇ ನೆನಪಾಗಿ, ಆ ಕೈಯಿಂದ ನನ್ನ ತಲೆ ನೇವರಿಸಿದಳು.